ಅಂಡಮಾನಿನ ಗುಡಿಸಲು, ತಲಾ ಎರಡು ಬಕೀಟು ನೀರು

ಯಾವ ಕೆಲಸದ ಗಂಧಗಾಳಿಯೂ ನಮಗಿರುವುದಿಲ್ಲವೋ ಅದೇ ಕೆಲಸ ವಿಳಾಸ ಕೇಳಿಕೊಂಡು ನಮ್ಮ ಟೇಬಲ್ಲಿಗೆ ಬರುತ್ತದೆ. ಇದು ನಾನು ನೌಕರಿಯಲ್ಲಿ ಕಂಡುಕೊಂಡ ಸತ್ಯ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ನನಗೆ, ಹನ್ನೆರಡು ಜನ ದ್ವೀಪದಲ್ಲಿ ಎಲ್ಲಿ ಇಳಿದುಕೊಳ್ಳಬೇಕೆಂದು ಆರಿಸುವ ಕೆಲಸ ಬಂದದ್ದೂ ಹಾಗೆಯೇ.

ತೊಂಬತ್ತರ ದಶಕದ ನಡುಭಾಗದ ಮಾತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಗುಮಾಸ್ತ. ಬೀಜದ ಜೊತೆಗೆ ಬೆಳೆಗೆ ಹೊಡೆಯುವ ಔಷಧವನ್ನೂ ಮಾರುತ್ತಿದ್ದೆವು. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ವರ್ಷಕ್ಕೊಮ್ಮೆ ಟೂರಿಗೆ ಕರೆದೊಯ್ಯುವುದು ಪದ್ಧತಿ. ಟೂರು ಕೆಟ್ಟಿತೋ, ಮುಂದಿನ ಹಂಗಾಮಿಗೆ ಅವರ ಅಂಗಡಿಯ ಎದುರಿನ ಕಪಾಟಿನಲ್ಲಿ ಬೇರೆ ಕಂಪನಿಯ ಪಾಕೀಟು ಬಂದು ಕೂತಿರುತ್ತಿತ್ತು. ಆಮೇಲೆ ಸಾಹೇಬರು ಯಾರನ್ನು ಕರೆಸಿ ಬೈಯುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

೧. ಸಾಹೇಬರಿಗೆ ಪರಿಸರ ಬಂತು

ನಮ್ಮ ಮ್ಯಾನೇಜರ್ ಸಾಹೇಬರು ಬೆಂಗಳೂರಿಗೆ ಒಂದು ಮೀಟಿಂಗಿಗೆ ಹೋಗಿ ಬಂದರು. ಹೋಗುವಾಗ ಚೆನ್ನಾಗಿಯೇ ಇದ್ದರು. ಅಲ್ಲಿ ಯಾರೋ ಪರದೇಶದವರು ಪರಿಸರದ ಬಗ್ಗೆ ಒಂದು ತಾಸು ಭಾಷಣ ಮಾಡಿದರಂತೆ. ಬಂದವರೇ ನನ್ನನ್ನು ಕರೆಸಿದರು.

"ಈ ಸಲ ಡೀಲರುಗಳನ್ನ ಅಂಡಮಾನಿಗೆ ಕರಕೊಂಡು ಹೋಗೂದು. ಆದ್ರ ಇಳಕೊಳ್ಳೋ ಜಾಗ ಪರಿಸರಕ್ಕ ಧಕ್ಕಿ ಆಗದಂಗ ಇರಬೇಕು. ಫೋಟೋ ತಗದು ಕಂಪನಿ ಪತ್ರಿಕೆಗೆ ಹಾಕಸೋದೈತಿ."

ನಮ್ಮ ಗೋದಾಮಿನ ವಾಸನೆಗೆ ಓಣಿಯ ನಾಯಿಗಳು ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದವು. ಆ ಗೋದಾಮಿನ ಕಿಟಕಿಗೆ ಬೆನ್ನು ಮಾಡಿ ಕೂತು ಸಾಹೇಬರು ಈ ಮಾತು ಹೇಳಿದರು.

ನಾನು ಲೆಕ್ಕ ಹಾಕಿದೆ. ಇಲ್ಲಿಂದ ರೈಲು, ಮದ್ರಾಸಿನಿಂದ ವಿಮಾನ, ಪೋರ್ಟ್ ಬ್ಲೇರಿನಿಂದ ಹಡಗು, ಹಡಗಿನಿಂದ ಇಳಿದು ಜೀಪು. "ಸರ, ಹೋಗೋದನ್ನ ಬಿಟ್ರ ಪರಿಸರಕ್ಕ ಭಾಳ ಚಲೋ ಆಕ್ಕೈತ್ರಿ" ಎಂದೆ.

ಸಾಹೇಬರು ಗಂಭೀರವಾಗಿ ಯೋಚಿಸಿದರು. "ಅದರ ಫೋಟೋ ಹೆಂಗ ತಗೀತಿ?"

೨. ಇಲ್ಲದ್ದರ ದರ

ಮೂರು ಕಡೆಗೆ ಪತ್ರ ಬರೆದೆ. ನಮ್ಮ ಅತಿಥಿಗಳಿಗೆ ಪರಿಸರದ ಬಗ್ಗೆ ಭಾರೀ ಕಾಳಜಿ ಎಂದು ಅಡಿಗೆರೆ ಎಳೆದಿದ್ದೆ. ಮೂರೂ ಕಡೆಯಿಂದ ಉತ್ತರ ಬಂತು.

ಮೊದಲನೆಯವರು "ನಮ್ಮದು ಸಂಪೂರ್ಣ ಹಸಿರು ಹೋಟೆಲ್" ಎಂದು ಬರೆದು ಫೋಟೋ ಇಟ್ಟಿದ್ದರು. ಮಾತು ಸುಳ್ಳಾಗಿರಲಿಲ್ಲ. ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡಕ್ಕೆ ಮೇಲಿಂದ ಕೆಳಗಿನವರೆಗೆ ಹಸಿರು ಬಣ್ಣ ಬಳಿದಿದ್ದರು. ಎರಡನೆಯವರು ನಿಸರ್ಗಪ್ರೇಮಿಗಳು. ಹೊರಗಿನಿಂದ ಒಂದು ಇಟ್ಟಿಗೆಯನ್ನೂ ತರದೆ, ಸಮುದ್ರದೊಳಗಿನ ಹವಳದ ಕಲ್ಲನ್ನೇ ಒಡೆದು ತಂದು ಗೋಡೆ ಕಟ್ಟಿದ್ದೇವೆ ಎಂದು ಹೆಮ್ಮೆಯಿಂದ ತಿಳಿಸಿದ್ದರು. ಮೂರನೆಯದು ಒಂದು ಸಣ್ಣ ದ್ವೀಪದಲ್ಲಿ ಬಿದಿರಿನ ಗುಡಿಸಲುಗಳು. ತೆಂಗಿನ ಗರಿಯ ಸೂರು. ಕರೆಂಟಿಲ್ಲ, ಫ್ಯಾನಿಲ್ಲ, ಟಿ.ವಿ. ಇಲ್ಲ. ಬಿಸಿಲಿನಿಂದ ಉರಿಯುವ ಒಂದು ದೀಪ. ದಿನಕ್ಕೆ ತಲಾ ಎರಡು ಬಕೀಟು ನೀರು. ಮೂರರಲ್ಲಿ ಇದರ ದರವೇ ಎಲ್ಲಕ್ಕಿಂತ ಜಾಸ್ತಿ.

ಸಾಹೇಬರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. "ಕರೆಂಟಿಲ್ಲ, ನೀರಿಲ್ಲ, ಗೋಡಿನೂ ಇಲ್ಲ. ಮತ್ತ ಇಷ್ಟು ರೊಕ್ಕ ಯಾತಕ್ಕ?"

"ಸರ, ಇದ್ದದ್ದನ್ನ ಯಾರಾದ್ರೂ ಕೊಡ್ತಾರ. ಇಲ್ಲದ್ದನ್ನ ಇಷ್ಟು ದೂರ ಒಯ್ದು ಕೊಡಬೇಕಂದ್ರ ಖರ್ಚು ಬರ್ತೈತ್ರಿ."

"ಖರೇ ಐತಿ" ಎಂದು ಸಹಿ ಹಾಕಿದರು.

೩. ಬಹುಮಾನ

ಡೀಲರುಗಳನ್ನು ಆಫೀಸಿಗೆ ಕರೆಸಿ ಚಹಾ ಕೊಟ್ಟು, ಗುಡಿಸಲಿನ ಫೋಟೋ ಕೈಯಿಂದ ಕೈಗೆ ದಾಟಿಸಿದೆವು. ಬ್ಯಾಡಗಿಯ ಡೀಲರಿಗೆ ಬೀಜದ ಅಂಗಡಿಯ ಜೊತೆಗೆ ಖಾರ ಕುಟ್ಟುವ ಗಿರಣಿಯೂ ಇತ್ತು. ಅವರು ಫೋಟೋ ನೋಡಿ, "ನಮ್ಮ ಹೊಲದಾಗ ಎತ್ತು ಕಟ್ಟಾಕ ಇಂಥಾದ್ದ ಹಾಕೇವ್ರಿ. ಇದಕ್ಕಿಂತ ಒಂದೀಟು ದೊಡ್ಡದು" ಎಂದರು.

ಆಮೇಲೆ ಫೋಟೋ ಹಾವೇರಿಯ ಡೀಲರ ಕೈಗೆ ಬಂತು. ಅವರು ತಂದೆಯ ಕಾಲದ ಮಣ್ಣಿನ ಮಾಳಿಗೆಯ ಮನೆ ಕೆಡವಿ ಹೊಸದಾಗಿ ಆರ್.ಸಿ.ಸಿ. ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದಿದ್ದೆವು. ಅವರು ಫೋಟೋವನ್ನು ಕನ್ನಡಕದ ಹತ್ತಿರ ತಂದು, ದೂರ ಹಿಡಿದು, ಮೇಜಿನ ಮೇಲೆ ಬೋರಲು ಹಾಕಿದರು.

"ಸಾಹೇಬ್ರ, ಸೋರೋ ಮನಿಯಿಂದ ಹೊರಗ ಬರಾಕ ಇಪ್ಪತ್ತು ವರ್ಷ ನಿಮ್ಮ ಬೀಜಾ ಮಾರೇನಿ. ಈಗ ಬಹುಮಾನ ಅಂತ ಹೇಳಿ ವಾಪಸ್ ಅಲ್ಲೇ ಕಳಸ್ತೀರಲ್ಲ."

೪. ಭಾಷಾಂತರ

ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ದ್ವೀಪ ಮುಟ್ಟಿದಾಗ ಹನ್ನೆರಡು ಜನರಲ್ಲಿ ಒಂಬತ್ತು ಜನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಸಮುದ್ರಕ್ಕೆ ತಮ್ಮ ಪಾಲಿನ ಧಕ್ಕೆ ಮಾಡಿ ಆಗಿತ್ತು.

ಗುಡಿಸಲುಗಳ ಮ್ಯಾನೇಜರು ಬರಿಗಾಲಿನಲ್ಲಿ ಎದುರು ಬಂದ. ಕಲಕತ್ತೆಯ ಕಡೆಯ ತರುಣ. ಮರಳಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಹಿಂದಿಯಲ್ಲಿ ಶುರು ಮಾಡಿದ. ಭೂಮಿ ತಾಯಿ, ಸಮುದ್ರ ಅಕ್ಕ, ಗಾಳಿ ಅಣ್ಣ, ನಾವು ಇಲ್ಲಿ ಬಿಟ್ಟು ಹೋಗಬೇಕಾದದ್ದು ಹೆಜ್ಜೆಗುರುತು ಮಾತ್ರ, ಹೀಗೆ ಅರ್ಧ ತಾಸು ಹೇಳಿದ. ನಡುವೆ ಒಮ್ಮೆ ಕಣ್ಣೂ ಒರೆಸಿಕೊಂಡ.

ನನಗೆ ಅಷ್ಟಿಷ್ಟು ತಿಳಿದರೂ, ನಮ್ಮಲ್ಲಿ ಹಿಂದಿ ಸರಿಯಾಗಿ ತಿಳಿಯುತ್ತಿದ್ದದ್ದು ರಾಣೆಬೆನ್ನೂರಿನ ಡೀಲರಿಗೆ ಮಾತ್ರ. ಮನೆಯಲ್ಲಿ ಉರ್ದು ಮಾತಾಡುವವರು. ನಾವೆಲ್ಲ ಅವರನ್ನು ಭಾಯಿ ಎಂದೇ ಕರೆಯುತ್ತಿದ್ದೆವು. ಭಾಷಣ ಮುಗಿದ ಮೇಲೆ ಎಲ್ಲರೂ ಅವರ ಕಡೆ ತಿರುಗಿದೆವು.

ಭಾಯಿ ಗಂಟಲು ಸರಿ ಮಾಡಿಕೊಂಡು, "ನೀರು ಕಡಿಮಿ ಐತಂತ" ಎಂದರು.

೫. ಗಂಟು

ಆಮೇಲೆ ಪ್ಲಾಸ್ಟಿಕ್ ತಪಾಸಣೆ. ದ್ವೀಪಕ್ಕೆ ಪ್ಲಾಸ್ಟಿಕ್ ತರುವ ಹಾಗಿರಲಿಲ್ಲ. ಮ್ಯಾನೇಜರು ಒಬ್ಬೊಬ್ಬರ ಸಾಮಾನು ಬಿಚ್ಚಿಸಿ ನೋಡುತ್ತ ಬಂದ.

ಬ್ಯಾಡಗಿಯ ಡೀಲರ ಜೊತೆ ಬಂದಿದ್ದ ಅವರ ಹೆಂಡತಿ, ನಾವು ಅಕ್ಕಾರು ಅನ್ನುತ್ತಿದ್ದ ಹೆಣ್ಣುಮಗಳು, ಗಂಟನ್ನು ಹಿಂದಕ್ಕೆ ಸರಿಸಿ ಕೂತಿದ್ದರು. ಬಿಚ್ಚಲು ಅವರಿಗೆ ನಾಚಿಕೆ. ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಖಡಕ್ ರೊಟ್ಟಿ, ಹಿತ್ತಾಳೆ ಡಬ್ಬಿಯಲ್ಲಿ ಶೇಂಗಾ ಚಟ್ನಿ, ಸಣ್ಣ ಅರಿವೆಯ ಚೀಲದಲ್ಲಿ ಕೆಂಪು ಖಾರ. ಮ್ಯಾನೇಜರು ಮೊಣಕಾಲೂರಿ ಕೂತುಬಿಟ್ಟ. ಹುಡುಕಿದರೂ ಎಸೆಯುವ ವಸ್ತು ಒಂದೂ ಇಲ್ಲ. ಊರೂರಿನಿಂದ ಬಂದವರಿಗೆ ತಾನು ಹೇಳಿ ಸೋತದ್ದು ಇದನ್ನೇ ಎಂದು ಕ್ಯಾಮೆರಾ ತರಿಸಿ ಗಂಟಿನ ಫೋಟೋ ತೆಗೆದ.

ಅಕ್ಕಾರು ನನ್ನ ಕಿವಿಯಲ್ಲಿ, "ನಮ್ಮ ಮನಿಯವರಿಗೆ ಚಲೋ ಬ್ಯಾಗ್ ಕೊಡಸ್ರಿ ಅಂತ ನಾಕು ವರ್ಷ ಆತು ಹೇಳಾಕತ್ತೇನಿ. ಈ ಫೋಟೋ ನೋಡಿದ್ರ ಇನ್ನ ಕೊಡಸಿದ್ಹಂಗ" ಎಂದರು.

ಕೊನೆಗೆ ಸಾಹೇಬರ ಪೆಟ್ಟಿಗೆಯ ಸರದಿ ಬಂತು. ಒಳಗೆ ನಮ್ಮೆಲ್ಲರಿಗೂ ಹಂಚಲು ತಂದಿದ್ದ ಹನ್ನೆರಡು ಹೊಳೆಯುವ ಪ್ಲಾಸ್ಟಿಕ್ ಚೀಲಗಳಿದ್ದವು. ಪ್ರತಿಯೊಂದರ ಮೇಲೂ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಪರಿಸರ ಉಳಿಸಿ.

೬. ಬಾಯಿ ಮುಕ್ಕಳಿಸುವ ವಿಧಾನ

ಮರುದಿನ ಬೆಳಿಗ್ಗೆ ನೀರು ಉಳಿಸುವ ಪಾಠ. ಒಂದು ಚೊಂಬು ನೀರಿನಲ್ಲಿ ಹಲ್ಲುಜ್ಜಿ ಮುಖ ತೊಳೆಯುವುದು ಹೇಗೆ ಎಂದು ಮ್ಯಾನೇಜರು ಖುದ್ದಾಗಿ ಮಾಡಿ ತೋರಿಸಿದ. ಅಕ್ಕಾರು ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡಿದರು. ಬ್ಯಾಸಗಿಯಲ್ಲಿ ಅವರ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು.

"ಭಾಯಿ, ಅವರನ್ನ ಒಂದು ಮಾತು ಕೇಳ್ರಿ. ಮುಕ್ಕಳಿಸಿದ ನೀರು ಉಸುಕಿನಾಗ ಯಾಕ ಉಗುಳಿದ್ರು? ಬಾಜೂಕ ತೆಂಗಿನ ಗಿಡ ಇತ್ತಲ್ಲ."

ಭಾಯಿ ಕೇಳಿದರು. ಮ್ಯಾನೇಜರು ತೆಂಗಿನ ಗಿಡ ನೋಡಿದ, ಉಸುಕು ನೋಡಿದ. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಅಕ್ಕಾರು ದಿನಾ ಒಂದು ಬಕೀಟಿನಲ್ಲಿ ತಮ್ಮದೆಲ್ಲ ಮುಗಿಸಿ ಇನ್ನೊಂದನ್ನು ಉಳಿಸುತ್ತಿದ್ದರು. ಮೂರನೆಯ ದಿನ ನಮ್ಮ ಸಾಹೇಬರು ಟಾವೆಲ್ ಸುತ್ತಿಕೊಂಡು, ಮೈತುಂಬ ಸಾಬೂನು, ಕೈಯಲ್ಲಿ ಖಾಲಿ ಬಕೀಟು ಹಿಡಿದು, ಒಂದೇ ಕಣ್ಣು ಬಿಟ್ಟುಕೊಂಡು ಅವರ ಗುಡಿಸಲಿನ ಮುಂದೆ ಬಂದು ನಿಂತರು.

ಅಕ್ಕಾರು ಮುಖ ಆ ಕಡೆ ಮಾಡಿ ನೀರು ಸುರಿದರು. "ಅರ್ಧಾ ಕೊಟ್ಟೇನ್ರಿ, ಸಾಹೇಬ್ರ. ಪೂರ್ತಿ ಕೊಟ್ರ ಪರಿಸರಕ್ಕ ಧಕ್ಕಿ ಆಕ್ಕೈತಿ."

೭. ಸಪ್ಪಳ

ಆ ಮಧ್ಯಾಹ್ನ ಊಟವಾದ ಮೇಲೆ ಸೆಖೆಗೆ ಎಲ್ಲರೂ ಗರಿಯ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದೆವು. ಬ್ಯಾಡಗಿಯ ಡೀಲರು ಇದ್ದಕ್ಕಿದ್ದಂತೆ ತಲೆಯೆತ್ತಿ, "ಎಂಜಿನ್" ಎಂದರು. ನಮಗೆ ಕೇಳಿಸಿದ್ದು ಸಮುದ್ರ ಮಾತ್ರ.

"ಹದಿನೈದು ವರ್ಷ ಗಿರಣಿ ಬಾಜೂ ಕುಂತು ಉಂಡೇನ್ರಿ. ಇದು ಡೀಸೆಲ್ ಎಂಜಿನ್ನು. ಬೆಲ್ಟ್ ಸಡಿಲ ಆಗೇತಿ" ಎಂದು ಎದ್ದು ನಡೆದರು. ನಾವೂ ಹಿಂದೆ ಹೋದೆವು. ತೆಂಗಿನ ತೋಪಿನ ಆ ಕಡೆ, ಗರಿಗಳಿಂದ ಮರೆ ಮಾಡಿದ ಒಂದು ತಗಡಿನ ಶೆಡ್ಡಿನಲ್ಲಿ ಎಂಜಿನ್ನು ಹೊಗೆ ಬಿಡುತ್ತಿತ್ತು. ಅದರಿಂದ ಹೊರಟ ತಂತಿ ಹಿಡಿದು ಹೋದರೆ ಸಿಕ್ಕಿದ್ದು ಮ್ಯಾನೇಜರನ ಕೋಣೆ. ಬಾಗಿಲು ತೆಗೆದಾಗ ಮುಖಕ್ಕೆ ತಣ್ಣನೆಯ ಗಾಳಿ ಹೊಡೆಯಿತು. ಏ.ಸಿ. ಹಾಕಿಕೊಂಡು, ಅದರ ಚಳಿಗೆ ದುಪ್ಪಟಿ ಹೊದ್ದು ಮಲಗಿದ್ದ.

ಎದ್ದು ಕೂತವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಬಹಳ ದುಃಖದಿಂದಲೇ ಹೇಳಿದ. ಭಾಯಿ ಈ ಸಲ ಒಂದಕ್ಷರ ಬಿಡದೆ ತಿಳಿಸಿದರು:

"ನೀವು ನಾಕು ದಿನದ ಮಂದಿ, ನಿಸರ್ಗದ ಜೋಡಿ ಬದಕಬಹುದು ಅಂತಾರ. ಅವರು ವರ್ಷಾನುಗಟ್ಟಲೆ ಇಲ್ಲೇ ಇರಬೇಕಂತ."

ಹಾವೇರಿಯ ಡೀಲರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಂಚದ ತುದಿಯಲ್ಲಿ ಕೂತು, ದುಪ್ಪಟಿಯ ಅರ್ಧ ಭಾಗ ತಮ್ಮ ಕಡೆ ಎಳೆದುಕೊಂಡರು. ದ್ವೀಪಕ್ಕೆ ಬಂದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ. ನನ್ನ ನೌಕರಿ ಉಳಿಯಿತು ಎಂದುಕೊಂಡೆ.

೮. ಗಟ್ಟಿ ನೆಲ

ಹೊರಡುವ ದಿನ ಬೆಳಿಗ್ಗೆ ಪತ್ರಿಕೆಗೆ ಫೋಟೋ. ಗುಡಿಸಲುಗಳನ್ನು ನೆಲದಿಂದ ಆಳೆತ್ತರದಲ್ಲಿ ಕಂಬಗಳ ಮೇಲೆ ಕಟ್ಟಿದ್ದರು. ಕೆಳಗೆ ಅಕ್ಕಾರು ಒಣಹಾಕಿದ್ದ ಸೀರೆ ಮಡಚುತ್ತಿದ್ದರು. ಸಾಹೇಬರು ತಮ್ಮ ಗುಡಿಸಲಿನ ಪಡಸಾಲೆಗೆ ನಮ್ಮನ್ನೆಲ್ಲ ಹತ್ತಿಸಿಕೊಂಡು, ನಡುವೆ ನಿಂತು, ಫೋಟೋಕ್ಕೆ ಮುಂಚೆ ಎರಡು ಮಾತು ಎಂದರು. ಇಲ್ಲಿ ಒಂದು ಹನಿ ವಿಷ ಇಲ್ಲ. ಯಾವ ಔಷಧವನ್ನೂ ಹೊಡೆದಿಲ್ಲ. ಆದರೂ ಈ ಮನೆ ಎಷ್ಟು ಗಟ್ಟಿ ನಿಂತಿದೆ ನೋಡಿ.

ಎಷ್ಟು ಗಟ್ಟಿ ಎಂದು ತೋರಿಸಲು ಬೂಟುಗಾಲಿನಿಂದ ಬಿದಿರಿನ ನೆಲವನ್ನು ಒಮ್ಮೆ ಒದ್ದರು.

ನೆಲ ಹಪ್ಪಳದಂತೆ ಮುರಿಯಿತು. ಸಾಹೇಬರು ಸೊಂಟದವರೆಗೆ ಇಳಿದು ಅಲ್ಲೇ ಸಿಕ್ಕಿಕೊಂಡರು. ಹೊಟ್ಟೆ ದೊಡ್ಡದಿದ್ದುದರಿಂದ ಪೂರ್ತಿ ಕೆಳಗೆ ಬೀಳಲಿಲ್ಲ. ಕೆಳಗಿನಿಂದ ಅಕ್ಕಾರ ಧ್ವನಿ ಬಂತು, "ಯಾರದೋ ಎರಡು ಕಾಲು ಬಂದಾವ್ರಿ ಇಲ್ಲಿ. ಉಳದವರು ಮ್ಯಾಲೆ ಆರಾಮ ಅದಾರೇನು?"

ಸಾಹೇಬರಿಗೆ ಎಲ್ಲೂ ತಾಗಿರಲಿಲ್ಲ. ಗುಡಿಸಲುಗಳ ಮ್ಯಾನೇಜರು ಓಡಿ ಬಂದ. ಮುರಿದ ಬಿದಿರು ಎತ್ತಿ ನೋಡಿದ. ಒಳಗೆಲ್ಲ ಟೊಳ್ಳು, ಗೆದ್ದಲು ಬುಳುಬುಳು ಹರಿಯುತ್ತಿತ್ತು. ಅವನು ಸುತ್ತ ಬೇರೆ ಅತಿಥಿಗಳಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಭಾಯಿಯ ಕಿವಿಯಲ್ಲಿ ಏನೋ ಹೇಳಿದ.

ಭಾಯಿ ಸಾಹೇಬರ ಮಟ್ಟಕ್ಕೆ ಕುಕ್ಕರುಗಾಲಿನಲ್ಲಿ ಕೂತರು. "ಗೆದ್ದಲಿಗೆ ಹೊಡ್ಯಾಕ ನಿಮ್ಮ ಕಂಪನ್ಯಾಗ ಏನರ ಜೋರದಾರ ಔಷಧ ಐತೇನು ಅಂತ ಕೇಳ್ತಾರ್ರಿ. ಎಲ್ಲಾ ಗುಡಿಸಲೂ ಹಿಂಗ ಆಗ್ಯಾವಂತ. ಆದ್ರ ಡಬ್ಬಿ ಮ್ಯಾಲಿನ ಚೀಟಿ ಕಿತ್ತು ಕಳಸಬೇಕಂತ."

ಹಾವೇರಿಯ ಡೀಲರೂ ನಾನೂ ಅಷ್ಟರಲ್ಲಿ ಸಾಹೇಬರ ಎರಡೂ ಕಂಕುಳಿಗೆ ಕೈ ಹಾಕಿ, ಇನ್ನೇನು ಎತ್ತಬೇಕು ಎನ್ನುವಾಗ ಅವರು ನನ್ನ ಕೈ ಸರಿಸಿದರು. ಬೆಂಗಳೂರಿನ ಮೀಟಿಂಗಿನಿಂದ ಕಾಣೆಯಾಗಿದ್ದ ನಮ್ಮ ಹಳೆಯ ಸಾಹೇಬರ ಮುಖ ವಾಪಸು ಬಂದಿತ್ತು.

"ತಡಿ, ಈಗ ಎತ್ತಬ್ಯಾಡ. ಮೊದಲ ಆರ್ಡರ್ ಬುಕ್ ತಗೊಂಡು ಬಾ."

ತಂದುಕೊಟ್ಟೆ. ಹೊಟ್ಟೆಯ ಮಟ್ಟಕ್ಕೆ ಬಂದಿದ್ದ ಆ ನೆಲವನ್ನೇ ಮೇಜು ಮಾಡಿಕೊಂಡು, ಕಾಲು ಕೆಳಗೆ ಗಾಳಿಯಲ್ಲಿ ಆಡಿಸುತ್ತ, ಸಾಹೇಬರು ಹದಿನಾಲ್ಕು ಗುಡಿಸಲಿಗೆ ಎಷ್ಟು ಲೀಟರ್ ಬೇಕೆಂದು ಬರೆದುಕೊಂಡರು.