ಹೀರೆಕಾಯಿಯ ಕೆಂಪು ದಾರ

ಪಾಠ ಹೇಳುವವರು ಅದನ್ನು ಮನೆಯಲ್ಲೂ ಪಾಲಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಇದ್ದಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕಾಡಿನಲ್ಲಿ ಕಹಿಯಾಗಿ, ನಾರುನಾರಾಗಿದ್ದ ಕಾಯಿಗಳು ನಮ್ಮ ಸಾರಿಗೆ ಬರುವಂತಾದದ್ದು ಹೇಗೆಂದು ವರ್ಷಾವರ್ಷ ವಿವರಿಸುತ್ತೇನೆ. ಹಿಂದಿನವರು ಚೆನ್ನಾಗಿದ್ದ ಕಾಯಿಯನ್ನು ತಿನ್ನದೆ ಬೀಜಕ್ಕೆ ಬಿಟ್ಟರು, ಅದರ ಮಕ್ಕಳಲ್ಲೂ ಚೆನ್ನಾಗಿದ್ದುದನ್ನೇ ಬಿಟ್ಟರು, ಹೀಗೆ ಎಷ್ಟೋ ತಲೆಮಾರು. ಆ 'ತಿನ್ನದೆ' ಎಂಬ ಮಾತು ನನ್ನ ನಾಲಿಗೆಗೆ ಗೊತ್ತಿದೆಯೇ ಹೊರತು ಹೊಟ್ಟೆಗೆ ಗೊತ್ತಿಲ್ಲ.

ನಾವು ಸ್ವಂತ ಮನೆ ಕಟ್ಟಿಸಿದಾಗ, ದಿಬ್ಬೂರಹಳ್ಳಿಯಲ್ಲಿ ಅಣ್ಣನ ಜೊತೆಗಿರುವ ಅಮ್ಮ ಒಂದು ಹಿಡಿ ಹೀರೆ ಬೀಜ ಕೊಟ್ಟರು. ಸಾದಲಿಯ ತವರಿನಿಂದ ತಂದ ತಳಿ, ಅವರ ಅಮ್ಮ ಕಾಪಾಡಿಕೊಂಡು ಬಂದದ್ದು. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದದ ಕಾಯಿಗೆ ಕೆಂಪು ದಾರ ಕಟ್ಟಿ 'ಇದು ಬೀಜಕ್ಕೆ' ಎಂದುಬಿಟ್ಟರೆ, ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ನಾನೂ ಶ್ರದ್ಧೆಯಿಂದ ಕಟ್ಟುತ್ತಿದ್ದೆ. ಆದರೆ ಸಂಜೆ ಸ್ಕೂಲಿನಿಂದ ಬಂದಾಗ ಆ ಕಾಯಿ ಬಜ್ಜಿಗೆ ಹೇಳಿ ಮಾಡಿಸಿದಂತೆ ಕಾಣುತ್ತಿತ್ತು. ದಾರ ಬಿಚ್ಚಿ ಪಕ್ಕದ ಕಾಯಿಗೆ ಕಟ್ಟುತ್ತಿದ್ದೆ. ನಾಲ್ಕು ದಿನಕ್ಕೆ ಅದೂ ಎಣ್ಣೆಗೆ ಬೀಳುತ್ತಿತ್ತು. ಕೊನೆಗೆ ದಾರ ಉಳಿಯುತ್ತಿತ್ತು, ಕಟ್ಟಲು ಕಾಯಿ ಇರುತ್ತಿರಲಿಲ್ಲ. ಎಲೆಯ ಮರೆಯಲ್ಲಿ ನನ್ನ ಕಣ್ಣು ತಪ್ಪಿಸಿ ಒಣಗಿದ್ದೇ ಮುಂದಿನ ವರ್ಷದ ಬೀಜ.

ನಾಲ್ಕನೆಯ ವರ್ಷಕ್ಕೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಕಾಣದು. ಬಗ್ಗಿ ಹುಡುಕಿದರೆ ಒಂದು ಕಾಂಪೌಂಡಿನ ಸಂದಿಯಲ್ಲಿ, ಇನ್ನೊಂದು ನೀರಿನ ಟ್ಯಾಂಕಿನ ಬುಡದಲ್ಲಿ ಗಿಡ್ಡಗೆ, ಸೊಟ್ಟಗೆ. ಆಗಲೇ ಅಮ್ಮನ ಮಿಸ್ಡ್ ಕಾಲ್ ಬಂತು, ತಿರುಗಿ ಫೋನ್ ಮಾಡಿದೆ. ಒಲೆಯ ಮೇಲೆ ನೇತುಹಾಕಿದ್ದ ಬೀಜದ ಕಾಯಿಯನ್ನು ಇಲಿ ಪೂರ್ತಿ ತಿಂದುಬಿಟ್ಟಿತ್ತಂತೆ. "ನಿನ್ ಹತ್ರ ಐತಲ್ಲಪ್ಪ, ಭಾನುವಾರ ಬಂದು ಇಸ್ಕೊಂಡು ಹೋಗ್ತೀನಿ" ಎಂದರು. ಅವರ ತಾಯಿಯ ನೆನಪಾಗಿ ಉಳಿದಿದ್ದ ತಳಿಯನ್ನು ನಾನು ಬಜ್ಜಿ ಮಾಡಿ ಮುಗಿಸಿದ್ದೆ. ಭಾನುವಾರದವರೆಗೂ ಊಟ ಸೇರಲಿಲ್ಲ. ನನ್ನ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಅಮ್ಮ ಬಂದವರೇ ಎಲೆ ಸರಿಸಿ ನೋಡಿದರು. "ಕಣ್ಣಿಗೆ ಬಿದ್ದಿದ್ದನ್ನೆಲ್ಲಾ ತಿಂದಿದ್ದೀಯ, ಬಚ್ಚಿಟ್ಕೊಂಡಿದ್ದನ್ನ ಬೀಜಕ್ಕೆ ಬಿಟ್ಟಿದ್ದೀಯ. ಅದು ಬಚ್ಚಿಟ್ಕೊಳ್ಳೋದನ್ನ ಕಲೀದೆ ಇನ್ನೇನ್ ಕಲೀತೈತೆ ಕಣಪ್ಪ?" ಒಂದು ಪೀರಿಯಡ್ ಪೂರ್ತಿ ನಾನು ಕೂಗಿ ಹೇಳುವ ಪಾಠ ಅಷ್ಟರಲ್ಲೇ ಮುಗಿಯಿತು. ಅವರು ಬಳ್ಳಿ ಸವರುವುದನ್ನು ಕಂಡು ನನಗೆ ನಿಜಕ್ಕೂ ಅಳು ಬಂತು.

ಆಗ ನನ್ನ ಹೆಂಡತಿ ಸರೋಜ ಒಳಗೆ ಹೋಗಿ, ಅಕ್ಕಿ ಡ್ರಮ್ಮಿನೊಳಗಿಂದ ಒಣಗಿದ ಉದ್ದನೆಯ ಹೀರೆಕಾಯಿ ತಂದಳು. ಅದಕ್ಕೊಂದು ಕೆಂಪು ದಾರ. "ಮೊದಲ್ನೇ ವರ್ಷದ್ದು ಅತ್ತೆ. ಇವ್ರ ಕಣ್ಣಿಗೆ ಬೀಳ್ಬಾರ್ದು ಅಂತ ಬಳ್ಳೀನ ಟ್ಯಾಂಕ್ ಹಿಂದಕ್ಕೆ ಎಳ್ದು ಗೋಣಿಚೀಲ ಮುಚ್ಚಿದ್ದೆ." ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೀಜ ಗಲಗಲ ಎಂದಿತು. ಅಮ್ಮ ಸೊಸೆಯ ಕೆನ್ನೆ ನೇವರಿಸಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಅತ್ತೆ ಸೊಸೆ ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದರು. ಅಮ್ಮ ಊರಿನಿಂದ ಕಜ್ಜಾಯ ತಂದಿದ್ದರೆಂದು ನನಗೆ ಗೊತ್ತಾದದ್ದು ಅವರು ಹೊರಟುಹೋದ ಮೂರನೆಯ ದಿನ, ಅಕ್ಕಿ ಡ್ರಮ್ಮಿಗೆ ಕೈ ಹಾಕಿದಾಗ. ಕಜ್ಜಾಯದ ಡಬ್ಬಕ್ಕೆ ಕೆಂಪು ದಾರ ಸುತ್ತಿ ಗಂಟು ಹಾಕಿದ್ದರು. ಆ ಗಂಟು ಬಿಚ್ಚುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.