ಕುಕ್ಕರಿನ ಅಳತಿಯ ಕುಂಚಿಗಿ

ಏ ಕೇಳ್ರಲೇ! ಏ ಕಟ್ಟಿ ಮ್ಯಾಲ ಕುಂತು ಚಾ ಕುಡ್ಯಾಕತ್ತವ್ರಾ, ಏ ಕೊಡ ಇಳಿಸಿ ನಿಂತ ಅಕ್ಕಗೋಳ್ರಾ, ಸ್ವಲ್ಪ ಈ ಕಡಿ ಕಿವಿ ಕೊಡ್ರಿ! ಆವಾಜ ಬರಾಕತ್ತೈತಿಲ್ಲೋ? ನಡುವ ಹಾರ್ನ್ ಕೇಳಿದ್ರ ಬೈಬ್ಯಾಡ್ರಿ, ಸೊಲ್ಲಾಪುರ ರಸ್ತೆ ಬಾಜೂಕ ನಿಂತು ಮಾತಾಡಾಕತ್ತೀನಿ, ಲಾರಿಯವ್ರಿಗೆ ಸುಮ್ಮನಿರ್ರಿ ಅನ್ನಾಕ ಬರೂದಿಲ್ಲ. ನಮ್ಮ ಓಣಿ ನೇತ್ರಾನ ಸುದ್ದಿ ಐತಿ. ಅರ್ಧಾ ಕೇಳಿ ಬಂದ್ ಮಾಡಬ್ಯಾಡ್ರಿ. ಅರ್ಧಾಕ್ಕ ಬಿಡೂದು ನೇತ್ರಾನ ಕೆಲಸ, ನಿಮ್ಮದಲ್ಲ.

ನೇತ್ರಾ ಅಂದ್ರ ಕುಂತಲ್ಲಿ ಕುಂದ್ರೂದಿಲ್ಲ, ನಿಂತಲ್ಲಿ ನಿಂದ್ರೂದಿಲ್ಲ. ಉಣ್ಣಾಕ ಕುಂತ್ರೂ ಒಂದು ಕಾಲು ಹೊಸ್ತಿಲದಾಚೆ ಇರ್ತೈತಿ. ಅಕಿ ಚಾಲೂ ಮಾಡಿದ್ದು ಒಂದರ ದಡಾ ಮುಟ್ಟಿದ್ರ ಕೇಳ್ರಿ. ಮನ್ಯಾಗ ಒಂದ ತೋಳಿನ ಜಂಪರ ಐತಿ. ಎಸಳದಾವ ದೇಟಿಲ್ಲ, ಅಂಥಾ ಹೂವಿನ ಕರವಸ್ತ್ರ ಐತಿ. ಹಾಸಗಿ ಅಗಲ ಆಗಬೇಕಾಗಿದ್ದ ಕೌದಿ ಗಾಡಿ ಸೀಟಿನಷ್ಟಾಗಿ ನಿಂತೈತಿ. (ಅಕಿ ಅಣ್ಣ ಅರುಣಕುಮಾರ ಅದನ್ನ ಖರೇನ ತನ್ನ ಟಂಟಂ ಗಾಡಿ ಸೀಟಿಗೆ ಹಾಕ್ಕೊಂಡಾನ. ಬರೋಬ್ಬರಿ ಕುಂತೈತಿ.)

ಇಂಥಾ ನೇತ್ರಾ ಸೋದರತ್ತಿ ಆದ್ಲು! ಅರುಣಕುಮಾರಗ ಗಂಡುಕೂಸು ಹುಟ್ಟಿತು. ಹೆಂಡ್ತಿ ಕಾವ್ಯಾ ಬಾಣಂತನಕ್ಕ ತವರಮನಿ ಕಳ್ಳಕವಟಗಿಯೊಳಗ ಇದ್ಲು. ತೊಟ್ಲಾಗ ಹಾಕೂ ಕಾರ್ಯಾನೂ ಅಲ್ಲೇ. ಅವತ್ತು ಕೂಸಿಗೆ ಕುಂಚಿಗಿ ಹಾಕೂದ್ಯಾರು? ಸೋದರತ್ತಿ. ಕಿವ್ಯಾಗ ಹೆಸರು ಹೇಳೂ ಮಾನ ಯಾರದ್ದು? ಸೋದರತ್ತೀದು. ಕುಂಚಿಗಿ ಗೊತ್ತಲ್ಲ, ತಲಿಗೆ ಟೊಪ್ಪಿಗಿ, ಅದಕ್ಕ ಹತ್ತಿ ಬೆನ್ನತುಂಬ ಇಳಿಬಿದ್ದ ಅರಬಿ. ಬಜಾರದಾಗ ಬೇಕಾದಷ್ಟು ಸಿಗ್ತಾವ.

ಆದ್ರ ನೇತ್ರಾ ಫೋನಿನ್ಯಾಗ ಘೋಷಣಾ ಮಾಡೇಬಿಟ್ಲು: "ವೈನಿ, ಬಜಾರದ ಕುಂಚಿಗಿ ತಂದ್ರ ನನ್ನ ಸೋದರತ್ತಿ ಅನ್ನಬ್ಯಾಡ್ರಿ. ನಾನ ಕೈಲೆ ಹೊಲೀತೀನಿ!"

ಅವ್ವ ಸುವರ್ಣಾ ಅಡಗಿ ಮನಿಯಿಂದ ಒದರಿದ್ಲು, "ಮುಗೀಲಿಲ್ಲಂದ್ರ?"

"ಮುಗೀಲಿಲ್ಲಂದ್ರ ಹೆಸರು ಸಾರವಾಡದ ದೊಡ್ಡಪ್ಪನ ಮಗಳ ಕಡಿಂದ ಹೇಳಿಸ್ರಿ, ಹೋಗ್ರಿ!"

ಬಾಯಿ ತಪ್ಪಿ ಬಂದ ಮಾತು. ಸಂಜಿ ಆಗೂದ್ರೊಳಗ ಸಾರವಾಡಕ್ಕ ಮುಟ್ಟಿ, ಅಲ್ಲಿಂದ ತಿರುಗಿ ಸಂದೇಶ ಬಂತು: 'ನಂದು ಸೀರಿ ಇಸ್ತ್ರಿ ಆಗೈತಿ, ನಾ ರೆಡಿ ಅದೀನಿ.' ಮುಂದ ಎರಡು ನಗೂ ಗೊಂಬಿ ಬ್ಯಾರೆ. ನೇತ್ರಾನ ಮೈ ಉರದು ಹೋತು. ಹೆಸರು ಹೇಳಿದ್ರ ತಾನ ಹೇಳಬೇಕು!

ಸೀದಾ ಹೋಗಿ ಆಯಿ, ಅಂದ್ರ ಅಜ್ಜಿ, ರುದ್ರವ್ವನ ಮಂಚದ ಕೆಳಗ ಹೊಕ್ಕಳು. ಅಲ್ಲಿ ಒಂದು ಹಳೇ ಬಿಸ್ಕಿಟಿನ ಡಬ್ಬಿ. ಮುಚ್ಚಳ ತಗದಿದ್ದ ತಡಾ, ಹುಡುಗಿ ಅಲ್ಲೇ ನೆಲಕ್ಕ ಕುಂತ್ಲು. ಮುತ್ಯಾನ ಕೋಟಿನ ಹಿತ್ತಾಳಿ ಗುಂಡಿ. ಬಿಸಲಿಗೆ ಹಿಡದ್ರ ಒಳಗ ಮಳಿಬಿಲ್ಲು ಕಾಣೂ ಸಿಂಪಿ ಚಿಪ್ಪಿನ ಗುಂಡಿ. ಹರದ ಸೀರಿಯಿಂದ ಬಿಡಿಸಿ ಸುತ್ತಿಟ್ಟ ಜರಿ ಅಂಚು. ಉಗುರಷ್ಟುಗಲ ಕನ್ನಡಿ ಚೂರು. ಮಸಾಲಿ ಡಬ್ಬಿ ವಾಸನಿ ಹಿಡದ ಲೇಸು, ಉಣ್ಣಿ ಗೊಂಡೆ, ಸಣ್ಣ ಗೆಜ್ಜಿ. ಒಂದೊಂದಾಗಿ ನೆಲದ ಮ್ಯಾಲ ಹರವ್ಯಾಳ, ಇದರ ಬಾಜೂಕ ಅದು, ಅದರ ಬಾಜೂಕ ಇದು. ಮನ್ಯಾಗ ಅಷ್ಟೊತ್ತು ಸಪ್ಪಳ ಇಲ್ಲದ್ದು ನೋಡಿ ಅವ್ವ ಗಾಬರ್ಯಾಗಿ ಬಂದ್ಲು, "ಯಾಕ ಬೇ, ಆರಾಮ ಅದಿಯಿಲ್ಲೋ?"

"ಅವ್ವಾ, ಈ ಗುಂಡಿ ನೋಡಿಲ್ಲಿ, ಈಗಿನ ಅಂಗಡ್ಯಾಗ ಹಿಂಥಾವು ಸಿಗ್ತಾವೇನು?"

"ಸಿಗೂದಿಲ್ಲ. ಅನ್ನಕ್ಕಿಡು."

ಅನ್ನಕ್ಕಿಡೂದರಾಗ ಅಳತಿ ಸಮಸ್ಯಾ ಹೊಳೀತು. ಕೂಸಿನ ತಲಿ ಎಷ್ಟೈತಿ? ನೇತ್ರಾ ಅದನ್ನ ನೋಡಿದ್ದು ಬರೇ ವಿಡಿಯೋ ಕಾಲಿನ್ಯಾಗ. ಮಗನ ಮುಖ ಕಾಣಲಿ ಅಂತ ಕಾವ್ಯಾ ಫೋನು ಹತ್ತರ ಹಿಡಿದಾಳ, ಸ್ಕ್ರೀನ್ ತುಂಬ ತಲಿ! "ಯಪ್ಪಾ, ನಮ್ಮಣ್ಣನ ಮಗ ಪೈಲ್ವಾನ ಅದಾನ" ಅಂತ ನೇತ್ರಾ ಪಕ್ಕಾ ಮಾಡಿದ್ಲು. ಮನಿಯೆಲ್ಲಾ ಹುಡುಕಿ, ಅದಕ್ಕ ಹೊಂದೂದು ಐದು ಲೀಟರಿನ ಕುಕ್ಕರು ಅಂತ ಶೋಧ ಹಚ್ಚಿದ್ಲು. ಅವತ್ತಿಂದ ಕುಂಚಿಗಿ ಕುಕ್ಕರಿನ ಮ್ಯಾಲೇ ಬೆಳೀತು. ಸೀಟಿ ಬರೂ ಜಾಗಾ ನೆತ್ತಿ, ಹಿಡಿಕಿ ಇರೂದು ಕುತಿಗಿ.

"ಬ್ಯಾಳಿ ಕುದಸೂದೈತಿ, ಕುಕ್ಕರ ಕೊಡs."

"ತಡಿ ಅವ್ವಾ, ಹಣಿಗೆ ಕನ್ನಡಿ ಹಚ್ಚಾಕತ್ತೀನಿ."

"ಯಾರ ಹಣಿಗೆ?"

"ಕುಕ್ಕರಿನ ಹಣಿಗೆ."

ಅವ್ವ ಆಯಿ ಮುಖ ನೋಡಿದ್ಲು. ಆಯಿ ಅಡಕಿ ಕಡಕೋತ, "ಹುಚ್ಚ ಹಿಡದ್ರೂ ಅಡ್ಡಿಯಿಲ್ಲ, ಒಂದ ಕಡಿ ಕುಂತೈತಲ್ಲ ಕೂಸು" ಅಂದ್ಲು.

ಹಂಗ ಮನ್ಯಾಗ ಬ್ಯಾಳಿ ಬಂದ್ ಆಗಿ ಬರೇ ಝುಣಕಾ ಚಾಲೂ ಆತು. ಕುಂಚಿಗಿ ಮಾತ್ರ ವಿಶ್ವರೂಪ ತಾಳಾಕತ್ತಿತು. ಮದಲ ಒಂದು ಸಾಲು ಜರಿ. ಜರಿ ಒಂಟಿ ಕಾಣಸ್ತೈತಿ ಅಂತ ಲೇಸು. ಲೇಸು ಸಪ್ಪಗ ಕಾಣಸ್ತೈತಿ ಅಂತ ಹಿತ್ತಾಳಿ ಗುಂಡಿ. ಗುಂಡಿ ಹೊಳೀತಾವಂದ್ರ ಕನ್ನಡಿ ಯಾಕ ಬ್ಯಾಡ? ಬೆನ್ನ ಮ್ಯಾಲ ನವಲು, ಅಂಚಿಗೆ ಗೊಂಡೆ, ಗೊಂಡೆಗೊಂದು ಗೆಜ್ಜಿ. ಕಿವ್ಯಾಗ ಬಂಗಾರದ ರಿಂಗು ಹಾಕಿದ್ರ ಮಂದಿಗೆ ಕಾಣಬೇಕಲ್ಲ? ಎರಡೂ ಬಾಜೂಕ ಕಿವಿ ಹೊರಗ ಬರೂವಂಗ ಕಿಡಕಿ ಬಿಟ್ಲು. ಎತ್ತಿದ್ರ ಝಲ್ಲ್ ಅಂತಿತ್ತು. ಎರಡೂ ಕೈಲೆ ಎತ್ತಬೇಕಾಗಿತ್ತು, ಆ ಮಾತು ಬ್ಯಾರೆ.

ಮುಗೀತು! ಜನ್ಮದಾಗ ಮದಲನೇ ಸಲ ಒಂದು ಕೆಲಸ ಮುಗೀತು.

ಕಾರ್ಯಾದ ದಿನ, ಎತ್ತು ಸಿಂಗರಿಸೂ ಕಾರ ಹುಣ್ಣಿವಿ ಹಿಂದಿನ ದಿನ ಅದು, ಅರುಣಕುಮಾರ ಮುಂಜಾನೇನ ಟಂಟಂದಾಗ ತೊಟ್ಲಾ, ಸಾಮಾನು, ಕುಂಚಿಗಿ ಚೀಲ ಎಲ್ಲಾ ಹೇರಿಕೊಂಡು ಮುಂದ ಹೋದ. ನೇತ್ರಾ ಅವ್ವನ ಇಳಕಲ್ಲ ಸೀರಿ ಬೇಡಿ ಉಟ್ಕೊಂಡ್ಲು.

"ಕಲಿ ಬಿದ್ರ ಕಾಲ ಮುರೀತೀನಿ. ನನ್ನ ಮದವೀದದು" ಅಂತ ಅವ್ವ ಟಿಕೋಟಾ ತನಕ ಬಸ್ಸಿನ್ಯಾಗ ಹೇಳಿಕೋತನ ಬಂದ್ಲು. ಬಾಜೂಕ ಆಯಿ, ಮಡ್ಲಾಗ ರೊಟ್ಟಿ ಗಂಟು ಇಟ್ಕೊಂಡು.

ಬೀಗರ ಅಂಗಳಕ್ಕ ಕಾಲಿಟ್ರ ಏನೈತಿ? ಮಂದೀನ ಮಂದಿ. ಎತ್ತಿನ ಕೋಡಿಗೆ ಆಗಲೇ ಬಣ್ಣಾ ಹಚ್ಯಾರ. ಎಲ್ಲಾರೂ ದನ ಕಟ್ಟೂ ಗ್ವಾದಲಿ ಕಡಿ ಮುಖ ಮಾಡಿ ಫೋಟೋ ತಗ್ಯಾಕತ್ತಾರ. ನಡುವ ಒಂದು ಎಳೇ ಹೋರಿಗರ. ಅದರ ತಲಿ ಮ್ಯಾಲ ನೇತ್ರಾನ ಕುಂಚಿಗಿ! ಎರಡೂ ಕಿಡಕಿಯೊಳಗಿಂದ ಎರಡೂ ಕಿವಿ ಹೊರಗ. ಬೆನ್ನ ಮ್ಯಾಲ ನವಲು ಅಳದು ಕೂಡಿಸಿದಂಗ ಕುಂತೈತಿ. ಕರು ಜಿಗದ್ರ ಝಲ್ಲ್, ನಿಂತ್ರ ಝಲ್ಲ್. ಒಂದು ಗೊಂಡೆ ಅದರ ಬಾಯಾಗ ಐತಿ.

ಕಾವ್ಯಾನ ಅಪ್ಪ ಶಿವಶರಣಪ್ಪ ಓಡಿ ಬಂದಾ, ಕಣ್ಣಾಗ ನೀರು. "ಬರ್ರಿ ಬೀಗ್ತೇರ! ಮಮ್ಮಗ ಹುಟ್ಟಿದ ದಿನಾನ ಈ ಕರಾನೂ ಹುಟ್ಟಿತು ಅಂತ ಫೋನಿನ್ಯಾಗ ಬಾಯಿಮಾತಿಗೆ ಅಂದಿದ್ದೆ. ಅಳಿಯಂದ್ರು ಇಳಿಸಿದ ಚೀಲ ಬಿಚ್ಚಿ ಅಳತಿ ನೋಡಿದ ಕೂಡ್ಲೇ ಇದು ಕರದ್ದು ಅಂತ ತಿಳೀತು. ನೆನಪಿಟ್ಟು ಕಾರ ಹುಣ್ಣಿವಿಗಿ ಮೈಮ್ಯಾಲ ಹೊದಸೂ ಝೂಲ ಮಾಡಿಸಿ ತಂದೀರಲ್ಲ! ಮಂದಿ ಮನಶ್ಯಾಗ ಆಯೇರ ತರ್ತಾರ. ನೀವು ದನಕ್ಕ ತಂದ್ರಿ. ಇಂಥಾ ಬೀಗರು ಎಲ್ಲಿ ಸಿಗ್ತಾರ್ರಿ?"

ನೇತ್ರಾ ಬಾಯಿ ತಗಿಯೂದ್ರೊಳಗ ಅವ್ವ ರಟ್ಟಿ ಚಿವುಟಿದ್ಲು. "ಪಿಟ್ಟ್ ಅನ್ನಬ್ಯಾಡ. ಕೂಸಿನ ಅರಬಿ ದನಕ್ಕ ಹಾಕೇವಿ ಅಂತ ಗೊತ್ತಾದ್ರ ಆ ಹಿರಿಯಾ ಎಲ್ಲಿ ಮಾರಿ ಇಟ್ಕೋಬೇಕು?"

"ಮತ್ತ ನನ್ನ ಮಾರಿ?"

"ನಿಂದು ರೂಢಿ ಆಗೈತಿ."

ಒಳಗಿಂದ ಹೆಣ್ಮಕ್ಕಳು ಕೂಗಿದ್ರು, "ಸೋದರತ್ತಿ ಬಂದಳೇನ್ರಿ? ಕುಂಚಿಗಿ ತರ್ರಿ, ಹೊತ್ತಾತು!" ಅವರ ನಡುವ ಇಸ್ತ್ರಿ ಸೀರಿ ಉಟ್ಟ ಸಾರವಾಡದ ದೊಡ್ಡಪ್ಪನ ಮಗಳು ಹಲ್ಲ ಕಿಸಿದು ನಿಂತಾಳ. "ಯಾಕ ನೇತ್ರಾ, ಅರ್ಧಾ ಆಗೇತೇನು?"

"ಪೂರಾ ಆಗೇತಿ! ಒಂದ ಗುಂಡಿ ಹಚ್ಚೂದೈತಿ, ತಡೀರಿ!" ಅಂದವಳ ನೇತ್ರಾ, ಆಯೀನ ರಟ್ಟಿ ಹಿಡದು ಬಾಣಂತಿ ಕೋಣಿ ಹೊಕ್ಕು ಕದಾ ಹಾಕಿದ್ಲು. ಒಳಗ ಕಾವ್ಯಾ, ಕೂಸು.

"ಆಯಿ, ಗಂಟ ಬಿಚ್ಚು."

"ಅದರಾಗ ಸಜ್ಜಿ ರೊಟ್ಟಿ ಅದಾವs!"

"ರೊಟ್ಟಿ ನೆಲಕ್ಕ ಇಡು, ಅರಬಿ ನನಗ ಕೊಡು."

ಗಂಟು ಕಟ್ಟಿದ್ದ ಅರಬಿ ಆಯೀನ ಹಳೇ ಸೀರಿ ತುಂಡು, ತೊಳದು ತೊಳದು ಬೆಣ್ಣಿಯಂಗ ಆಗಿತ್ತು. ಕಾವ್ಯಾಗ ಏನೂ ತಿಳೀವಲ್ಲದು, ಆದ್ರ ನೇತ್ರಾನ ಮುಖ ನೋಡಿ ಸುಮ್ಮನ ಸೂಜಿ, ದಾರ, ಕತ್ರಿ ಕೊಟ್ಟಳು. ಕೂಸಿನ್ನೂ ಅಕಿ ತೊಡಿ ಮ್ಯಾಲ ಹಾಕಿದ್ಲು. ಆಗ ನೇತ್ರಾ ಮದಲನೇ ಸಲ ಅದರ ತಲಿ ಮುಟ್ಟಿದ್ದು. ಎಲ್ಲಿ ಕುಕ್ಕರು, ಎಲ್ಲಿ ಇದು! ಒಂದ ಅಂಗೈಯಾಗ ಕುಂದ್ರತೈತಿ, ಪ್ಯಾರಲ ಹಣ್ಣಿನಂಗ. ಕುಕ್ಕರಿನ್ಯಾಗ ಹಿಂಥಾವು ಎಂಟು ಹಿಡೀತಾವ. ಅಕಿಗೆ ನಗಿ ಬಂತು, ಕೈ ಮಾತ್ರ ನಿಂದ್ರಲಿಲ್ಲ. ಕತ್ತರಿಸಿದ್ಲು, ಮಡಚಿದ್ಲು, ಹೊಲದ್ಲು. ಜರಿ ಇಲ್ಲ, ಕನ್ನಡಿ ಇಲ್ಲ, ಕತ್ತಿಗೆ ಒಂದು ಲಾಡಿ. ಹೊರಗ ಜೋಗುಳ ಚಾಲೂ ಆತು, ಕದಾ ಬಡ್ಯಾಕತ್ರು. ಕೂಸಿನ ತಲಿಗೆ ಹಾಕಿ, ಇಳಿಬಿದ್ದ ಅಂಚು ತೊಡಿ ಮ್ಯಾಲ ಹರವಿಕೊಂಡು ಸರಾಸರಾ ಮಡಚಿ ಹೊಲದು, ದಾರ ಹಲ್ಲಲೇ ಕಡದು, ಕೂಸಿನ್ನ ಎದಿಗವಚಿಕೊಂಡು ಹೊರಗ ಬಂದ್ಲು. ಮಹಾರಾಣಿ ಸವಾರಿ!

ಸಾರವಾಡದಕಿ ಮುಖ ಸಣ್ಣಾತು.

ತೊಟ್ಲಾಗ ಕೂಸಿನ್ನ ಮಲಗಿಸಿ ನೇತ್ರಾ ಬಗ್ಗಿದ್ಲು. ಕಿವ್ಯಾಗ "ಸಂಗಮೇಶ" ಅಂದ್ಲು. ಹೆಸರು ಹೇಳೂ ಮುಂದ ಸೋದರತ್ತಿ ಬೆನ್ನ ಮ್ಯಾಲ ಗುದ್ದೂದು ಪದ್ಧತಿ ಐತಲ್ಲ, ಗುದ್ದು ಬಿದ್ದೂವು. ಸಾರವಾಡದಕಿ ಮನಸಾರೆ ಗುದ್ದಿದ್ಲು. ಗುದ್ದು ಮುಗದೂವು, ನಗಿ ಮುಗೀತು. ನೇತ್ರಾ ಏಳವಲ್ಲಳು.

"ಸಾಕ ಏಳವ್ವಾ" ಅಂದ್ರು ಯಾರೋ. ನೇತ್ರಾ ಸ್ವಲ್ಪ ಎದ್ದಳು, ಬಗ್ಗಿದ್ಲು. ಮತ್ತ ಎದ್ದಳು, ಮತ್ತ ಬಗ್ಗಿದ್ಲು.

ಆಯಿಗೆ ಅಂಜಿಕಿ ಹತ್ತಿತು. "ಯವ್ವಾ, ನಾ ಜೋರ ಗುದ್ದೀನೇನು? ನಡಾ ಹಿಡೀತೇನು?"

"ನಡಾ ಅಲ್ಲ ಆಯಿ" ಅಂದ್ಲು ನೇತ್ರಾ ತೊಟ್ಲಾ ಒಳಗಿಂದ. "ಸೀರಿ."

ಕಾವ್ಯಾ ಬಗ್ಗಿ ನೋಡಿದ್ಲು. ಕುಂಚಿಗಿ ಅಂಚೂ ಇಳಕಲ್ಲ ಸೀರಿ ನಿರಗೀನೂ ಒಂದ ಹೊಲಿಗಿಯೊಳಗ! ಅದೂ ಎಂಥಾ ಹೊಲಿಗಿ, ಜನ್ಮದಾಗ ಹಿಂಥಾ ಗಟ್ಟಿ ಹೊಲಿಗಿ ನೇತ್ರಾ ಹಾಕಿಲ್ಲ. ಕಾವ್ಯಾಗ ನಗಿ ತಡಿಯವಲ್ಲದು. "ಇದು ಈಗ ಒಳಗ ಹೊಲದದ್ದು. ಮತ್ತ ಇಷ್ಟು ದಿನ ಹೊಲದ ಕುಂಚಿಗಿ ಎಲ್ಲಿ?"

ನಡಾ ನೋಯಾಕತ್ತಿತ್ತು, ನೇತ್ರಾನ ತಾಳ್ಮಿ ಮುಗೀತು. "ಅಲ್ಲಿ ಗ್ವಾದಲ್ಯಾಗ ಗೊಂಡೆ ತಿನ್ನಾಕತ್ತೈತಿ ನೋಡ್ರಿ ವೈನಿ!"

ಅಂದಮ್ಯಾಲ ನಾಲಿಗಿ ಕಡಕೊಂಡ್ಲು. ಬಾಗಲದಾಗ ನಿಂತ ಶಿವಶರಣಪ್ಪನ ಮುಖ ಬಿಳಚಿತು. ಹಿರಿಯಾ ಕರು ನೋಡಿದಾ, ಕೂಸು ನೋಡಿದಾ, ತೊಟ್ಲಾಗ ಬಗ್ಗಿದ ನೇತ್ರಾನ್ನ ನೋಡಿದಾ. ಆಮ್ಯಾಲ ಹೊಟ್ಟಿ ಹಿಡಕೊಂಡು ಕುಸದು ಕುಂತ. "ಯಪ್ಪಾ! ಅದನ್ನ ನನ್ನ ಮಮ್ಮಗಗ ಹಾಕಿದ್ರ ತೊಟ್ಲಾ ಸೈತ ಕೆಳಗ ಬರ್ತಿತ್ತಲ್ಲs!"

ಮಂದಿ ನಗಿ ಕೂಸಿನ್ನ ಎಬ್ಬಿಸ್ತಿತ್ತು, ಕಾವ್ಯಾ ಕೈ ಎತ್ತಿದ್ಲು. "ಶ್! ಮಲಗ್ಯಾನ. ರಾತ್ರಿಯೆಲ್ಲಾ ಅತ್ತು ಈಗ ಕಣ್ಣು ಮುಚ್ಯಾನ. ಎಬ್ಬಿಸಿದ್ರ ನಿಮ್ಮೆಲ್ಲಾರ ಕೈಯಾಗ ಕೊಟ್ಟು ನಾ ಮಲಗ್ತೀನಿ."

ಹೊಲಿಗಿ ಬಿಚ್ಚೂದ್ಹೆಂಗ? ಅಂಚು ಕೂಸಿನ ಬೆನ್ನ ಕೆಳಗ ಐತಿ. ಉಳದದ್ದು ಒಂದ ದಾರಿ. ನೇತ್ರಾ ಕತ್ರಿಗೆ ಕೈ ಚಾಚಿದ್ಲು. ಅವ್ವನ ಕಣ್ಣು ಹೊರಗ ಬಂದೂವು. ಕೂಸು ಮಲಗೇತಿ, ಒದರೂವಂಗಿಲ್ಲ. ಪಿಸುಮಾತಿನ್ಯಾಗ ಮಹಾಯುದ್ಧ.

"ನನ್ನ ಮದವಿ ಸೀರಿ."

"ಗೊತ್ತೈತಿ."

"ಕುಂಚಿಗಿ ಕತ್ತರಸು."

"ಕೂಸಿಂದು, ಹೆಸರಿಟ್ಟ ದಿನ ಕತ್ತರಸೂದೇನು?"

"ಹಂಗಾರ ಹಿಂಗ ನಿಂದ್ರು. ಎದ್ದಮ್ಯಾಲ ಬಿಚ್ಚೂಣು."

"ಅವ್ವಾ, ನಾ ನಿಂದ್ರಾಕಿ ಏನು?"

ಕರ್ರ್. ಕತ್ರಿ ಆಡಿತು. ನಿರಗಿಯೊಳಗ ರೊಟ್ಟಿ ಅಗಲದ ತೂತು. ಸಂಗಮೇಶ ಕುಂಚಿಗಿಗಿ ಇಳಕಲ್ಲ ಸೀರಿ ಬಾಲಾ ಹಚ್ಚಿಕೊಂಡು ಗೊರಕಿ ಹೊಡದ. ಅವ್ವ ಬಾಯಾಗ ಸೆರಗು ತುರಕೊಂಡು ಗ್ವಾಡಿಗೆ ಒರಗಿದ್ಲು.

ಉಂಡಮ್ಯಾಲ ಶಿವಶರಣಪ್ಪ ಸೋದರತ್ತಿ ಅಂತ ನೇತ್ರಾನ ಉಡಿ ತುಂಬಿಸಿ, ಹಸರ ದಡಿಯ ಹೊಸಾ ಸೀರಿ ಆಯೇರ ಮಾಡಿದಾ. "ತಪ್ಪ ತಿಳಕೋಬ್ಯಾಡ ತಂಗಿ. ಮತ್ತ, ಮುಂದಿನ ವರ್ಷ ನಮ್ಮ ದೊಡ್ಡ ಎತ್ತಿಗೊಂದು..." ಅಂದಾ ಸಣ್ಣ ದನೀಲೆ. ನೇತ್ರಾನ ಮುಖ ಅರಳಿ, "ಕೋಡಿನ ಅಳತಿ ಕೊಡ್ರಿ ಮಾಮಾರ!" ಅನ್ನೂದ್ರೊಳಗ, ಅವ್ವ ಬಂದು ಆ ಹೊಸಾ ಸೀರಿ ಎತ್ತಿ ತನ್ನ ಚೀಲಕ್ಕ ಹಾಕ್ಕೊಂಡು ಚೈನು ಎಳದ್ಲು.

"ಅದು ನಂದು ಅವ್ವಾ!"

"ನಿಂದು ನೀ ಉಟ್ಕೊಂಡಿ. ತೂತಿಂದು."

ಸಂಜೀ ಬಸ್ಸಿಗೆ ಮೂವರೂ ಹೊಂಟ್ರು. ಕಿಡಕಿ ಬಾಜೂಕ ನೇತ್ರಾ, ಮಡ್ಲಾಗ ಚೀಲ ಅಡ್ಡ ಇಟ್ಕೊಂಡು. ಮುಂದಿನ ಸೀಟಿನ್ಯಾಗ ಅವ್ವ, ಮಾತು ಬಂದ್. ಟಿಕೋಟಾ ಹತ್ತರ ಬರೂದ್ರೊಳಗ ನೇತ್ರಾನ ಕಾಲು ತಾಳ ಹಾಕಾಕತ್ತಿತು, ಕೈ ತುರಸಾಕತ್ತಿತು. ಚೀಲ ಸರಿಸಿ ತೂತು ನೋಡಿದ್ಲು. ಒಮ್ಮೆ ಈ ಕಡಿಯಿಂದ, ಒಮ್ಮೆ ಆ ಕಡಿಯಿಂದ. ಆಮ್ಯಾಲ ಬಾಜೂಕ ತೂಕಡಸಾಕತ್ತಿದ್ದ ಆಯೀನ ಕಿವಿಗೆ ಬಾಯಿ ಹಚ್ಚಿ ಕೇಳಿದ್ಲು, "ಆಯಿ, ಇಲ್ಲಿ ಒಂದು ಸೂರ್ಯಾನ ಹೂ ತಗದ್ರ ಹೆಂಗ?"

ಆಯಿ ಕಣ್ಣು ಬಿಡಲಿಲ್ಲ. "ದೇಟ ಸೈತ ತಗೀವ್ವಾ."

ಬಸ್ಸು ಕುಣೀತಿತ್ತು. ನೇತ್ರಾ ಜಂಪರಿಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು, ಹಳದೀ ದಾರದ ತುದಿ ನಾಲಿಗ್ಯಾಗ ತೋಯಿಸಿ, ಒಂದು ಕಣ್ಣು ಮುಚ್ಚಿ, ಮುಳಗೂ ಸೂರ್ಯಾನ ಬೆಳಕಿಗೆ ಹಿಡದು, ದಾರ ಪೋಣಿಸಿದ್ಲು.