‘ಬೇಗ ಬರ್ರಿ’ ಅನ್ನುವವಳ ಪಾಡು

ಇಂಥವು ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ವಾರಕ್ಕೊಂದಾದರೂ ನಡೆಯಲಿಲ್ಲ ಅಂದರೆ ಆ ವಾರ ನಾನು ರಜೆಯಲ್ಲಿದ್ದೆ ಅಂತಲೇ ತಿಳಿಯಬೇಕು. ನಾನು ದಾವಣಗೆರೆಯಲ್ಲಿ ಸರ್ಕಾರಿ ನರ್ಸು. ಕ್ಯಾನ್ಸರ್ ತಪಾಸಣೆ ಮಾಡುವ ತಂಡದಲ್ಲಿದ್ದೀನಿ. ಓಣಿ ಓಣಿಗೆ, ಹಳ್ಳಿ ಹಳ್ಳಿಗೆ ಹೋಗಿ ಬಾಯಿ ನೋಡುವುದು, ಎದೆ ಮುಟ್ಟಿ ನೋಡುವುದು, ಅನುಮಾನ ಬಂದವರನ್ನು ದೊಡ್ಡಾಸ್ಪತ್ರೆಗೆ ಕಳಿಸುವುದು. ದಿನವಿಡೀ ಗಂಟಲು ಹರಿದುಕೊಂಡು ನಾನು ಹೇಳುವುದರ ಸಾರ ಎರಡೇ ಶಬ್ದ: ಬೇಗ ಬರ್ರಿ.

ಸಂಜೆ ಮನೆಗೆ ಬಂದು ಕಾಲು ನೀಡಿ ಕೂತರೆ, ಆವತ್ತಿನ ಕಥೆಯನ್ನು ಹರಿಹರದಲ್ಲಿರುವ ನಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳುವುದು ನನ್ನ ಚಾಳಿ. ಅಕ್ಕ ನಗುವುದರಲ್ಲಿ ಧಾರಾಳಿ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಗೊತ್ತಾಗಿರುವುದು ಏನಪ್ಪಾ ಅಂದರೆ, ಎಂಟು ತಿಂಗಳು ಅವಳು ಎದೆಯಲ್ಲಿ ಒಂದು ಗಂಟು ಇಟ್ಟುಕೊಂಡೇ ನಕ್ಕಿದ್ದಾಳೆ. ಈಗ ಔಷಧಿ ನಡೆದಿದೆ. ಏನಾಗುತ್ತೋ ಡಾಕ್ಟರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಹಾಗಾಗಿ ಅವೇ ಕಥೆಗಳು ನನಗೆ ಈಗ ಅಷ್ಟು ಸಿಹಿಯಾಗಿಲ್ಲ. ಆದರೂ ಹೇಳುತ್ತೀನಿ.

೧. ಬಂಗಾರದ ಹಲ್ಲು

ನಾವು ಓಣಿಗೆ ಹೋಗುವ ಹಿಂದಿನ ದಿನ ಒಂದು ಆಟೋ ಮೈಕು ಕಟ್ಟಿಕೊಂಡು ಸಾರಿ ಬರುತ್ತದೆ. ಆ ಸಲದ ಮೈಕಿನವನ ಹೆಂಡತಿ ಬಸುರಿ. ಅಂಥ ಹೊತ್ತಿನಲ್ಲಿ ಆ ಕಾಯಿಲೆಯ ಹೆಸರು ಬಾಯಲ್ಲಿ ಬರಬಾರದು ಅಂತ ಅವನ ಅತ್ತೆ ಅಪ್ಪಣೆ ಮಾಡಿದ್ದರಂತೆ. ಪುಣ್ಯಾತ್ಮ ‘ಕ್ಯಾನ್ಸರ್’ ಅನ್ನುವ ಶಬ್ದವನ್ನೇ ನುಂಗಿಬಿಟ್ಟ. ಉಳಿದದ್ದು ಇಷ್ಟು: “ನಾಳೆ ನಿಮ್ಮ ಓಣಿಯಲ್ಲಿ ಸರ್ಕಾರದ ವತಿಯಿಂದ ಮನೆ ಮನೆ ತಪಾಸಣೆ! ಎಲ್ಲರೂ ಸಹಕರಿಸಬೇಕು!”

ಅದು, ಬೈಕು ಫ್ರಿಜ್ಜು ಇದ್ದವರ ಬಿ.ಪಿ.ಎಲ್. ಕಾರ್ಡು ರದ್ದು ಮಾಡುತ್ತಾರೆ ಅಂತ ಊರೆಲ್ಲಾ ಗುಲ್ಲೆದ್ದಿದ್ದ ಕಾಲ. ನಾವು ಹೋಗಿ ನೋಡಿದರೆ ಓಣಿಯಲ್ಲಿ ಒಂದು ಬೈಕಿಲ್ಲ. ಎಲ್ಲವೂ ಪಕ್ಕದ ಓಣಿಗೆ ವಲಸೆ ಹೋಗಿದ್ದವು. ಒಂದು ಮನೆಯಲ್ಲಿ ಫ್ರಿಜ್ಜಿಗೆ ಹಳೇ ಸೀರೆ ಹೊದಿಸಿ, ಮೇಲೆ ದೇವರ ಫೋಟೋ ಇಟ್ಟು ಊದಿನಕಡ್ಡಿ ಹಚ್ಚಿದ್ದರು.

ಕೊನೆಯ ಮನೆಯ ಯಜಮಾನರು ನನ್ನನ್ನು ಕಂಡ ಕೂಡಲೇ, “ನಮ್ಮನ್ಯಾಗೆ ಏನೂ ಇಲ್ರೀ, ಬೇಕಾದ್ರೆ ಒಳಗ್ಬಂದು ನೋಡ್ರಿ” ಅಂದರು.

“ಮನೆ ಬ್ಯಾಡ ಯಜಮಾನ್ರೆ, ಬಾಯಿ ತೆಗೀರಿ ಸಾಕು.”

ಆಸಾಮಿ ತುಟಿ ಬಿಗಿಹಿಡಿದು ನಿಂತರು. ಎಷ್ಟು ಪುಸಲಾಯಿಸಿದರೂ ಇಲ್ಲ. ಕೊನೆಗೆ ಅವರ ಹೆಂಡತಿ ಬೈದಮೇಲೆ ಬಾಯಿ ತೆಗೆದರು. ಒಳಗೆ ಒಂದು ಬಂಗಾರದ ಹಲ್ಲು ಫಳಫಳ ಹೊಳೆಯಿತು. ಅದರ ಪಕ್ಕದಲ್ಲೇ, ತಂಬಾಕಿನ ಕಡ್ಡಿಪುಡಿ ಇಟ್ಟು ಇಟ್ಟು ಕೆನ್ನೆಯ ಒಳಗೆ ರೂಪಾಯಿ ಅಗಲದ ಬಿಳೀ ಮಚ್ಚೆ.

ಆ ಮಚ್ಚೆ ಯಾಕೆ ಒಳ್ಳೆಯದಲ್ಲ, ಈ ವಾರವೇ ಯಾಕೆ ಆಸ್ಪತ್ರೆಗೆ ಹೋಗಬೇಕು ಅಂತ ಅರ್ಧ ಗಂಟೆ ಹೇಳಿದೆ. ಚೀಟಿ ಬರೆದು ಕೈಯಲ್ಲಿಟ್ಟೆ. ಎಲ್ಲದಕ್ಕೂ ತಲೆಯಾಡಿಸಿದರು. ಓಣಿ ದಾಟುವಷ್ಟರಲ್ಲಿ ಹಿಂದಿನಿಂದ ಓಡಿ ಬಂದು ಕೈ ಮುಗಿದರು.

“ಸಿಸ್ಟರಮ್ಮಾ, ಮಚ್ಚೆದು ಏನಾರ ಬರಕೊಳ್ರಿ. ಹಲ್ಲಿಂದು ಮಾತ್ರ ಬರೀಬ್ಯಾಡ್ರಿ. ಅದು ಮಗಳು ಹಾಕಿಸಿದ್ದು, ನನ್ನ ಹೆಸರಿನಾಗಿಲ್ಲ.”

೨. ಬಾಗಿಲ ಮೇಲೊಂದು ಗುರುತು

ಇನ್ನೊಂದು ದಿನ ಪೇಟೆಯ ಕಡೆ ಒಂದು ದೊಡ್ಡ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದ ಸಾಹುಕಾರರು, ಬಹಳ ಮರ್ಯಾದಸ್ಥರು. “ಕೂಡ್ರಿ, ಚಾ ಕುಡೀರಿ” ಅಂತ ಉಪಚರಿಸಿದರು. ಹೆಂಡತಿಯನ್ನು ಮಾತ್ರ ಹೊರಗೆ ಕರೆಯಲಿಲ್ಲ.

“ನೀವು ಕೇಳ್ರಿ, ನಾನೇ ಹೇಳ್ತೀನಿ.”

“ಅಮ್ಮಾರಿಗೆ ಎದೆಯಲ್ಲಿ ಗಂಟು ಏನಾದ್ರೂ?”

“ಛೆ ಛೆ. ಇಲ್ಲ.”

“ಮುಟ್ಟು ನಿಂತ ಮೇಲೆ ರಕ್ತ ಹೋಗಿದ್ದು?”

“ಏನೂ ಇಲ್ರಿ. ನಮ್ಮ ಮನೆತನದಾಗೇ ಅಂಥಾದ್ದೆಲ್ಲ ಇಲ್ಲ.”

“ಸರಿ, ಅಮ್ಮಾರ ವಯಸ್ಸು?”

ಸಾಹುಕಾರರು ಚಾ ಕಪ್ಪು ಕೆಳಗಿಟ್ಟರು. ಮೇಲೆ ನೋಡಿದರು. ಆಮೇಲೆ ಒಳಗೆ ಮುಖ ಮಾಡಿ, “ಏ, ನಿನಗೆಷ್ಟು ವಯಸ್ಸು ಈಗ?” ಅಂತ ಕೂಗಿದರು.

ಒಳಗಿನಿಂದ ದನಿ ಬಂತು. “ಎಲ್ಲಾ ನೀವೇ ಹೇಳಾಕತ್ತೀರಲ್ಲ, ಅದನ್ನೂ ನೀವೇ ಹೇಳ್ರಿ.”

ನನಗೆ ಆ ದನಿಯ ಮೇಲೆ ಪ್ರೀತಿ ಬಂತು. “ಐದು ನಿಮಿಷ ಒಳಗೆ ಹೋಗಿ ಮಾತಾಡಿಸಿಕೊಂಡು ಬರ್ತೀನಿ” ಅಂತ ಎದ್ದೆ. ಸಾಹುಕಾರರು ಎದ್ದು ಅಡ್ಡ ನಿಂತರು, ನಗುನಗುತ್ತಲೇ. ಅಷ್ಟು ಮರ್ಯಾದೆಯಿಂದ ಅಡ್ಡ ನಿಂತವರ ಮೇಲೆ ಜಗಳ ತೆಗೆಯುವುದಕ್ಕೂ ಬರುವುದಿಲ್ಲ. ಮೆಟ್ಟಿಲಿನ ತನಕ ಕಳಿಸಲು ಬಂದು, ಕೈಗೊಂದು ಸೀಮೆಸುಣ್ಣ ಕೊಟ್ಟರು.

“ಪೋಲಿಯೊ ಹಾಕೋರು ಬರೆದು ಹೋಗ್ತಾರಲ್ಲ, ಹಂಗೆ ಬಾಗಿಲ ಮ್ಯಾಲೆ ‘ಆತು’ ಅಂತ ಬರೆದು ಹೋಗ್ರಿ. ಮತ್ತೆ ಯಾರೂ ಬರೋದು ಬ್ಯಾಡ.”

೩. ಮಂಡಕ್ಕಿ ಹುರಿದದ್ದು

ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಹಸಿವಾಗುತ್ತದೆ. ಹೊಗೆಯಲ್ಲಿ ಹೆಂಗಸರು ನಿಂತು ಹುರಿಯುತ್ತಿರುತ್ತಾರೆ. ನಾನು ಹೊಗೆಯ ಬಗ್ಗೆ ಭಾಷಣ ಶುರು ಮಾಡಿದೆ. ಬುರ್ಖಾ ಬಿಚ್ಚಿ ಗೂಟಕ್ಕೆ ನೇತುಹಾಕಿ, ಸೆರಗು ಬಿಗಿದು ಕಟ್ಟಿದ್ದ ಒಬ್ಬ ಹೆಂಗಸು ಕೈ ನಿಲ್ಲಿಸದೆ ಕೇಳಿದಳು.

“ಹೊಗೆ ಬ್ಯಾಡ ಅಂತೀರಿ. ಸಂಜೆ ಮಿರ್ಚಿ ಜೊತೆ ಮಂಡಕ್ಕಿ ಬೇಕಲ್ಲ ನಿಮ್ಗೆ?”

ನಮ್ಮ ತಂಡದ ಡಾಕ್ಟರು ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಬೆನ್ನ ಹಿಂದೆ ಹಿಡಿದರು.

ಆದರೂ ಹೇಳಬೇಕು, ಆ ವರ್ಷದಲ್ಲಿ ನಾನು ಕೇಳಿದ ಕೂಡಲೇ ತಪಾಸಣೆಗೆ ‘ಹೂಂ’ ಅಂದವಳು ಅವಳೊಬ್ಬಳೇ. ಅವಳ ತಾಯಿ ಇದೇ ಕಾಯಿಲೆಯಲ್ಲಿ ಹೋಗಿದ್ದಳಂತೆ. ಒಂದೇ ಒಂದು ಷರತ್ತು ಹಾಕಿದಳು. “ಬಾಣಲಿ ಬಿಟ್ಟು ಬಂದ್ರೆ ಮಾಲಕರು ಬೈತಾರೆ. ನೀವು ನನ್ನ ಜಾಗದಾಗೆ ನಿಂತ್ಕೊಳ್ರಿ, ನಾನು ಹೋಗಿ ಡಾಕ್ಟರಿಗೆ ತೋರ್ಸಿ ಬರ್ತೀನಿ.”

ನಿಂತೆ. ಇಪ್ಪತ್ತು ನಿಮಿಷ ಹುರಿದೆ. ಕೈ ಸುಟ್ಟಿತು, ಕೂದಲಿಗೆ ಬೂದಿ ಮೆತ್ತಿತು, ಎರಡು ಬಾಣಲಿ ಕರಿಕಾಯಿತು. ಅವಳು ಬಂದು, ಕರಿಕಾದ ಮಂಡಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು.

“ಯಾ ಅಲ್ಲಾ! ಸಿಸ್ಟರಮ್ಮಾ, ನಿಮ್ಗೆ ಸರ್ಕಾರದ ಕೆಲ್ಸ ಸಿಕ್ಕಿದ್ದೇ ಒಳ್ಳೇದಾತು. ಬ್ಯಾರೆ ಕಡೆ ಉಳೀತಿರಲಿಲ್ಲ.”

ಆ ಸಂಜೆ ಇದನ್ನು ಕೇಳಿ ಅಕ್ಕ ಎಷ್ಟು ನಕ್ಕಳೆಂದರೆ ಕೆಮ್ಮು ಬಂದು ಫೋನು ಇಟ್ಟಳು. ಅವಳಿಗೆ ಆಗಲೇ ಐದನೇ ತಿಂಗಳು, ಆ ಗಂಟಿನದು.

೪. ಮೀಸೆಯ ಫಲಾನುಭವಿ

ನಮ್ಮ ಕಚೇರಿಯಲ್ಲಿ ಶಿಬಿರದ ದಿನ ಗೊತ್ತು ಮಾಡುವ ಸಾಹೇಬರಿಗೆ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಮಾತ್ರ ಕಾಣುತ್ತದೆ, ಅಮಾವಾಸ್ಯೆ ಕಾಣುವುದಿಲ್ಲ. ಹರಿಹರದ ಹತ್ತಿರದ ಗುತ್ತೂರಿನ ಶಿಬಿರವನ್ನು ಸರಿಯಾಗಿ ಅಮಾವಾಸ್ಯೆಗೆ ಇಟ್ಟರು. ಅವತ್ತು ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾವು ಕರೆದಿದ್ದ ಹೆಂಗಸರಲ್ಲಿ ಮುಕ್ಕಾಲು ಪಾಲು ಅಜ್ಜಯ್ಯನ ದರ್ಶನಕ್ಕೆ ಹೋಗಿದ್ದರು. ಉಳಿದವರು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದರು. ಶಾಮಿಯಾನದ ಕೆಳಗೆ ನಾವು ಆರು ಜನ, ಎರಡು ನಾಯಿ, ನೂರು ಕುರ್ಚಿ.

ಸಾಹೇಬರಿಗೆ ಫೋನು ಮಾಡಿದೆ. “ಸಾರ್, ಒಬ್ರೂ ಬಂದಿಲ್ಲ. ಇನ್ನೊಂದು ದಿನ ಇಟ್ಕೊಳ್ಳೋಣ.”

“ಇನ್ನೊಂದು ದಿನ ಇಲ್ಲ. ಫೋಟೋ ಕಳ್ಸಿ. ಫಲಾನುಭವಿಗಳು ಕೂತಿರೋದು ಬೇಕು.”

ಏನು ಮಾಡುವುದು? ನಾನು ಕೂತೆ, ಆಶಾ ಕಾರ್ಯಕರ್ತೆ ಕೂತಳು, ಶಿಬಿರದ ಊಟಕ್ಕೆ ಕರೆಸಿದ್ದ ಅಡಿಗೆಯವಳು ಕೂತಳು. ಸಾಲು ತುಂಬಲಿಲ್ಲ ಅಂತ ನಮ್ಮ ಡ್ರೈವರನ ತಲೆಯ ಮೇಲೆ ಒಂದು ಶಾಲು ಹೊದಿಸಿ, ತಲೆ ಬಗ್ಗಿಸು ಅಂತ ಹೇಳಿ ಕೂರಿಸಿದೆವು. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಅವನು ತಲೆ ಎತ್ತಿದ. ಮಾಡಿದ್ದು ತಪ್ಪು, ನಾಚಿಕೆಗೇಡು. ಗೊತ್ತಿದ್ದೇ ಕಳಿಸಿದೆ.

ಎರಡು ದಿನ ಬಿಟ್ಟು ಸಾಹೇಬರು ಕರೆಸಿದರು. ಸಿಕ್ಕಿಬಿದ್ದೆ ಅಂದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಫೋಟೋ ದೊಡ್ಡದು ಮಾಡಿ ತೋರಿಸಿದರು.

“ವೆರಿ ಗುಡ್ ಶಿಬಿರ. ಆದ್ರೆ ಎಡಗಡೆ ಕೂತಿದಾಳಲ್ಲ ಈ ಹೆಣ್ಮಗಳು, ಮೀಸೆ ಬಂದೈತೆ ನೋಡ್ರಿ ಪಾಪ. ಇಂಥವರನ್ನ ಬಿಡಬಾರದು. ಫಾಲೋ ಅಪ್ ಮಾಡ್ರಿ.”

೫. ಓಣಿಯಲ್ಲಿ ಯಾರಿಗೋ

ಒಂದು ಸಂಜೆ ಅಕ್ಕನೇ ಫೋನು ಮಾಡಿದಳು. ಅವಳ ಮಗಳ ಮದುವೆ ಗೊತ್ತಾಗಿ ತಿಂಗಳುಗಳಾಗಿದ್ದವು. ಗಂಡಿನ ಕಡೆಯವರು ಆನಗೋಡಿನವರು. ಜವಳಿಯ ಮಾತು, ಊಟದ ಮಾತು ಎಲ್ಲ ಮುಗಿದಮೇಲೆ ಸುಮ್ಮನೆ ಕೇಳಿದಂತೆ ಕೇಳಿದಳು.

“ನಮ್ಮ ಓಣ್ಯಾಗೆ ಒಬ್ಬಾಕಿಗೆ ಎದ್ಯಾಗೆ ಗಂಟಾಗೈತಂತೆ. ನೋವೇನಿಲ್ಲಂತೆ. ಎರಡು ತಿಂಗಳು ತಡದ್ರೆ ನಡೀತೈತಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಿನವಿಡೀ ಕೂಗಿ ಬಂದವಳಿಗೆ ಸಂಜೆಯೂ ಇದೇ. “ಎಷ್ಟು ದಿನದಿಂದ ಐತಂತೆ?”

“ಏಳೆಂಟು ತಿಂಗಳಾತಂತೆ.”

“ಎಂಟು ತಿಂಗಳು ಸುಮ್ನಿದ್ದಾಳಾ? ಎಂಥಾ ಪೆದ್ದಿ ಅಕ್ಕಾ ಆಕಿ! ಆಕಿಗೆ ಬುದ್ಧಿ ಅನ್ನೋದು ಒಂಚೂರೂ ಇಲ್ವಾ? ಮನೆಯೋರಾದ್ರೂ ಹೇಳ್ಬಾರ್ದಾ? ನಾಳೆನೇ ಎಳ್ಕೊಂಡು ಬಾ.”

ಅಕ್ಕ ಮೆಲ್ಲಗೆ ಅಂದಳು.

“ಅಷ್ಟೇನೂ ಪೆದ್ದಿ ಅಲ್ಲ ಬಿಡೇ. ಎಸ್ಸೆಸ್ಸೆಲ್ಸಿಯಾಗೆ ನಿನಗಿಂತ ಜಾಸ್ತಿ ಮಾರ್ಕ್ಸ್ ತಗಂಡಿದ್ಲು.”

೬. ಇಪ್ಪತ್ತೊಂದು, ಇಪ್ಪತ್ತೆರಡು

ಅಕ್ಕ ಮುಚ್ಚಿಟ್ಟದ್ದು ಯಾಕೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. “ತಾಯಿಗೆ ಆ ಕಾಯಿಲೆ ಐತೆ ಅಂದ್ರೆ ನಾಳೆ ಮಗಳಿಗೂ ಬರ್ತೈತಿ ಅಂತಾರೆ. ಬೀಗರಿಗೆ ಗೊತ್ತಾದ್ರೆ ಮದ್ವಿ ಮುರೀತೈತಿ. ಅಕ್ಷತೆ ಬೀಳೋ ತನಕ ನಾನು ತಡೀತೀನಿ” ಅಂತ ಪಟ್ಟು ಹಿಡಿದಳು. ಅಕ್ಷತೆಗೆ ಇನ್ನೂ ಎರಡು ತಿಂಗಳಿತ್ತು. ನಾನು ಅತ್ತೆ, ಬೈದೆ, ಆಣೆ ಹಾಕಿದೆ. ಕೊನೆಗೆ ಒಂದು ಮಾತಿಗೆ ಒಪ್ಪಿದಳು: ಹರಿಹರದಲ್ಲಿ ಬೇಡ, ಗುರುತಿನವರು ಸಿಗುತ್ತಾರೆ. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಾದರೆ ಸರಿ. ತಲೆ ತುಂಬ ಸೆರಗು ಹೊದ್ದು, ನನ್ನ ಕನ್ನಡಕ ಹಾಕಿಕೊಂಡು ಬಂದಳು. ನನಗೆ ಏನೂ ಕಾಣದೆ ನಾನೇ ಅವಳ ಕೈ ಹಿಡಿದುಕೊಂಡು ನಡೆದೆ.

ಕ್ಯಾನ್ಸರ್ ವಿಭಾಗದ ಮುಂದೆ ಟೋಕನ್ ತೆಗೆದುಕೊಂಡೆವು. ಇಪ್ಪತ್ತೆರಡು. ಬೆಂಚಿನ ಮೇಲೆ ಕೂತು, ಪಕ್ಕದವರಿಗೆ “ಸ್ವಲ್ಪ ಸರೀರಿ” ಅಂದೆ. ಪಕ್ಕದವರೂ ತಲೆ ತುಂಬ ಸೆರಗು ಹೊದ್ದಿದ್ದರು. ಸರಿಯುತ್ತಾ ಮುಖ ಎತ್ತಿದರು. ಆನಗೋಡಿನ ಬೀಗಿತ್ತಿ, ಮದುಮಗನ ತಾಯಿ.

ಇಬ್ಬರೂ ಒಬ್ಬರನ್ನೊಬ್ಬರು ಹಾವು ಕಂಡಂತೆ ನೋಡಿದರು. ಮೊದಲು ನಮ್ಮಕ್ಕನೇ ಚೇತರಿಸಿಕೊಂಡಳು. “ಅಯ್ಯ, ಬೀಗಿತ್ತಮ್ಮಾರು! ನನ್ನ ತಂಗಿ ಇದೇ ಇಲಾಖೆಯಾಗೆ ಕೆಲಸ ಮಾಡ್ತಾಳಲ್ರಿ, ಆಕಿಗೆ ಬುತ್ತಿ ಕೊಟ್ಟು ಹೋಗಾನ ಅಂತ ಬಂದೆ.”

“ಬುತ್ತಿ ಎಲ್ಲೈತ್ರಿ?”

“ಉಂಡಾತು.”

ಬೆಳಗ್ಗೆ ಹತ್ತೂವರೆ. ಬೀಗಿತ್ತಿ ಅದನ್ನು ಒಪ್ಪಿಕೊಂಡರು. “ನಮ್ಮ ಬಾಡಿಗೆ ಮನೆಯಾಕಿಗೆ ಮೈಯಾಗೆ ಹುಷಾರಿಲ್ಲ. ನೋಡಿ ಮಾತಾಡಿಸಿ ಹೋಗಾನ ಅಂತ ನಾನೂ ಬಂದೆ” ಅಂದರು.

“ಆಕಿ ಎಲ್ಲದಾಳ್ರಿ?”

“ಒಳಗದಾಳೆ.”

ನಮ್ಮಕ್ಕನೂ ಅದನ್ನು ಒಪ್ಪಿಕೊಂಡಳು. ಆಮೇಲೆ ಶುರುವಾಯಿತು ಮಾತು. ಮದುಮಗನ ಸೂಟಿನ ಬಣ್ಣ, ಕಲ್ಯಾಣಮಂಟಪದವರು ಹೇಳಿದ ಸಮಯ, ಹೋಳಿಗೆಯೋ ಜಿಲೇಬಿಯೋ. ಇಬ್ಬರ ತಲೆಯ ಮೇಲೂ ಗೇಣುದ್ದದ ಅಕ್ಷರದಲ್ಲಿ ಕ್ಯಾನ್ಸರ್ ಅಂತ ಬರೆದ ಬೋರ್ಡು.

“ಇಪ್ಪತ್ತೊಂದು!” ಬಾಗಿಲಲ್ಲಿ ನಿಂತ ಆಸ್ಪತ್ರೆಯವನು ಕೂಗಿದ. ಯಾರೂ ಏಳಲಿಲ್ಲ. ಬೀಗಿತ್ತಿ ಎಡಗೈ ಮುಷ್ಟಿ ಬಿಗಿ ಮಾಡಿ, “ಹೋಳಿಗೇನೇ ಇರ್ಲಿ ಬಿಡ್ರಿ” ಅಂದರು.

“ಇಪ್ಪತ್ತೆರಡು!”

ಅಕ್ಕ ನನ್ನ ತೊಡೆ ಚಿವುಟಿದಳು. “ಹೂಂ, ಹೋಳಿಗೇನೇ ಲೇಸು” ಅಂದಳು.

ಟೋಕನ್ ನನ್ನ ಕೈಯಲ್ಲಿತ್ತು. ಏಳಬೇಕಾಗಿತ್ತು. ಬೇಗ ಬರ್ರಿ, ಬೇಗ ಬರ್ರಿ ಅಂತ ಊರೂರು ಕೂಗಿದ ನಾನು, ಸೊಸೆಯಾಗಿ ಹೋಗಲಿರುವ ಆ ಹುಡುಗಿಯ ಮುಖ ನೆನೆಸಿಕೊಂಡು, ಟೋಕನನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡೆ. ಆ ಬಂಗಾರದ ಹಲ್ಲಿನವರನ್ನು ನಾನು ಎಷ್ಟು ಬೈದುಕೊಂಡಿದ್ದೆನೋ ಅಷ್ಟೂ ನನಗೇ ಸಲ್ಲಬೇಕು.

ಅವನು ಮೂರು ಸಲ ಕೂಗಿದ. ಬೆಂಚಿನ ತುಂಬ ಜನ ಅತ್ತಿತ್ತ ನೋಡಿದರು. ಇವರಿಬ್ಬರು ಹೋಳಿಗೆಗೆ ತುಪ್ಪ ಎಷ್ಟು ಬೇಕು ಅನ್ನುವ ಚರ್ಚೆಯಲ್ಲಿದ್ದರು. ಆ ವಿಭಾಗದಲ್ಲಿ ಕೆಲವು ಮಾತಿಗೆ ಒಂದೇ ಅರ್ಥ, ಅದು ಅಲ್ಲಿಗೆ ಬರುವವರಿಗೆಲ್ಲ ಗೊತ್ತು. ಆಸ್ಪತ್ರೆಯವನು ಬೇಸತ್ತು, ಒಳಗೆ ಪಟ್ಟಿ ಹಿಡಿದು ಕೂತಿದ್ದ ನರ್ಸಿಗೆ ಗಟ್ಟಿಯಾಗಿ ಹೇಳಿದ:

“ಮೇಡಂ, ಇಪ್ಪತ್ತೊಂದು, ಇಪ್ಪತ್ತೆರಡು ಹೊಡೆದು ಹಾಕ್ರಿ. ಇಬ್ರೂ ಹೋಗಿಬಿಟ್ರು!”

ಬೀಗಿತ್ತಿಯರಿಬ್ಬರೂ ಸೆರಗು ಜಾರಿದ್ದನ್ನೂ ನೋಡದೆ, ಕೈ ಎತ್ತಿಕೊಂಡು, ಬೆಂಚಿನಿಂದ ಒಟ್ಟಿಗೇ ಎದ್ದು ಕೂಗಿದರು:

“ಇಲ್ರೀ ಇಲ್ರೀ! ಇನ್ನೂ ಹೋಗಿಲ್ರೀ, ಇಲ್ಲೇ ಅದೀವ್ರೀ!”